ಬಾಡಿಗೆ ದಂಡು

“ನಾ ಹ್ವಾದಾಗ ನನ್ನ ದಂಡೂ ನನ್ನ ಕೂಡ ಬರಬೇಕ ನೋಡು” ಎಂದು ಬಸವಂತಪ್ಪ ಏಳೆಂಟು ವರ್ಷದ ಹಿಂದೆ ಕೇಳಿದ್ದಕ್ಕೆ “ಕಳಿಸ್ತೀನಿ ಬಿಡೋ, ಮಾತು ಕೊಟ್ಟೆ” ಎಂದಿದ್ದ ಸತ್ಯಮೂರ್ತಿ, ಈಗ ಆ ದಂಡು ತುಂಬಿದ ಬಿಸ್ಕತ್ತಿನ ಡಬ್ಬಿಯನ್ನು ಎದೆಗವಚಿಕೊಂಡು ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ ಎದುರು ಬರುವ ಜನರನ್ನು ಸೀಳಿಕೊಂಡು ಓಡುತ್ತಿದ್ದ. ಡಬ್ಬಿಯೊಳಗೆ ಸೀಸದ ಸೈನಿಕರು ಒಬ್ಬರಿಗೊಬ್ಬರು ತಾಗಿ ಸದ್ದು ಮಾಡುತ್ತಿದ್ದರು. ಹಿಂದೆ ಗೆಳೆಯ ನಾಣಿ. ಅವನ ಹಿಂದೆ ಅವನ ಅಕ್ಕ ವಿನೋದಿನಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

“ನಿಧಾನ ಕಣೋ ಸತ್ಯ, ಅವನೇನು ಎದ್ದು ಹೋಗಲ್ಲ” ಎಂದ ನಾಣಿ, ಅಂದ ಮೇಲೆ ಮುಖ ಸಣ್ಣದು ಮಾಡಿಕೊಂಡ.

ದಹಿಸರಿನ ಕಡೆಯ ಲೋಕಲ್ ಸಿಕ್ಕಿತು. ಬಾಗಿಲ ಬಳಿ ಒಂಟಿಕಾಲಲ್ಲಿ ನಿಂತು ಸತ್ಯಮೂರ್ತಿ ಬೆಳಗಿನ ಫೋನನ್ನು ಇನ್ನೊಮ್ಮೆ ನೆನೆಸಿಕೊಂಡ. ತಾನು ಕೆಲಸ ಮಾಡುವ ಬ್ಯಾಂಕಿಗೆ ಬಂದಿತ್ತು. ಬಸವಂತಪ್ಪನ ಕಡೆಯ ಹಿರಿಯರು ಯಾರೋ, ಚನ್ನಬಸಯ್ಯ ಅಂತ ಹೆಸರು ಹೇಳಿದರು. “ಬಸವಂತಪ್ಪ ತೀರಿಕೊಂಡಾನ್ರಿ. ರಾತ್ರಿ ಎದಿ ಹಿಡೀತು. ಮಣ್ಣು ಮೂರಕ್ಕ. ಮನಿಗೆ ಬರಬ್ಯಾಡ್ರಿ, ಖೋಲಿ ಸಣ್ಣದು, ಜನ ಭಾಳ ಆಗ್ಯಾರ. ಸೀದಾ ದಹಿಸರದ ರುದ್ರಭೂಮಿಗೇ ಬರ್ರಿ. ಅವನ ಹೇಣ್ತಿ ನಾಗವ್ವ ಒತ್ತಿ ಹೇಳ್ಯಾಳ, ನೀವು ಬರೂತನಕ…” ಅಷ್ಟರಲ್ಲಿ ಲೈನು ಸತ್ತುಹೋಗಿತ್ತು. ಸತ್ಯಮೂರ್ತಿ ಆಗಲೇ ನಾಣಿಗೂ ವಿನೋದಿನಿಗೂ ಫೋನು ಮಾಡಿ ಹೇಳಿದ್ದ: ಮೂರು ಗಂಟೆಗೆ, ದಹಿಸರ್ ಸ್ಮಶಾನ. ಬ್ಯಾಂಕಿನಿಂದ ಮನೆಗೆ ಹೋಗಿ ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಂಡು ಹೊರಟಿದ್ದ. ಧೂಳು ಒರೆಸಲೂ ಪುರುಸೊತ್ತಾಗಿರಲಿಲ್ಲ.

*

ಆಟವನ್ನು ತಂದುಕೊಟ್ಟವರು ಹಡಗಿನಲ್ಲಿ ಕೆಲಸಕ್ಕಿದ್ದ ನಾಣಿಯ ಸೋದರಮಾವ. ಎಂಬತ್ತು, ಎಂಬತ್ತೊಂದನೆಯ ಇಸವಿಯ ಮಾತು. ದಪ್ಪನೆಯ ನಿಯಮಗಳ ಪುಸ್ತಕ, ಬಗೆಬಗೆಯ ದಾಳ, ಹೆಬ್ಬೆರಳುದ್ದದ ಸೀಸದ ಬೊಂಬೆಗಳು. ಭಾನುವಾರ ಬಂತೆಂದರೆ ಚೆಂಬೂರಿನ ನಾಣಿಯ ಮನೆಯ ಊಟದ ಮೇಜಿನ ಮೇಲೆ ಯುದ್ಧ. ಪುಸ್ತಕಗಳ ಮೇಲೆ ಹಸಿರು ಚಾದರ ಹೊದಿಸಿದರೆ ಬೆಟ್ಟ. ಸ್ಕೇಲಿನಿಂದ ಅಳೆದು ಬೊಂಬೆಗಳನ್ನು ಮುಂದೆ ಸರಿಸುವುದು, ದಾಳ ಉರುಳಿಸಿ ಸತ್ತವರನ್ನು ಎತ್ತಿಡುವುದು. “ಕೆಲಸಕ್ಕೆ ಹೋಗೋ ಗಂಡಸರು ಆಡೋ ಆಟವೇನ್ರೋ ಇದು” ಎಂದು ನಾಣಿಯ ತಾಯಿ ಗೊಣಗುತ್ತಲೇ ಕಾಫಿ ತಂದಿಡುತ್ತಿದ್ದರು.

ನಾಣಿ ಕುಬ್ಜರ ರಾಜ್ಯ ಹಿಡಿದ. ಸತ್ಯಮೂರ್ತಿಗೆ ಬೆಳ್ಳಿಕೋಟೆಯ ಕುದುರೆ ಸವಾರರು. ವಿನೋದಿನಿ ಗೋರಿಯಿಂದೆದ್ದ ಹೆಣಗಳ ಸೈನ್ಯವೇ ಬೇಕೆಂದು ಹಟ ಹಿಡಿದು ತೆಗೆದುಕೊಂಡಳು. ಕೊನೆಗೆ ಬಂದು ಸೇರಿದವನು ಧಾರವಾಡದ ಕಡೆಯ ಬಸವಂತಪ್ಪ. ಬಣ್ಣದ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಅವನಿಗೆ ಕೆಲಸ, ಪಕ್ಕದ ಬಿಲ್ಡಿಂಗಿನಲ್ಲಿ ಬಾಡಿಗೆಗೆ ಇದ್ದ. ಅಷ್ಟು ಹೊತ್ತಿಗೆ ರಾಜ್ಯಗಳೆಲ್ಲ ಮುಗಿದಿದ್ದವು. ಉಳಿದದ್ದು ಪುಸ್ತಕದ ಕೊನೆಯಲ್ಲಿದ್ದ ಕೂಲಿ ಸೈನ್ಯ. ಅದಕ್ಕೆ ಊರಿಲ್ಲ, ಬಾವುಟವಿಲ್ಲ. ಯಾರ ಕಡೆ ಜನ ಕಡಿಮೆಯೋ ಅವರ ಪರ ನಿಂತು ಹೊಡೆದಾಡುವುದಷ್ಟೇ.

“ನಿಮಗೆಲ್ಲಾ ರಾಜ್ಯ, ನನಗ ಬಾಡಿಗಿ ದಂಡು” ಎಂದು ಬಸವಂತಪ್ಪ ನಕ್ಕಿದ್ದ. “ಇರ್ಲಿ ತಗೋ. ಮುಂಬೈದಾಗ ನಾವರ ಮತ್ತೇನದೀವಿ.”

‘ದಂಡು’ ಎಂಬ ಮಾತು ಎಲ್ಲರಿಗೂ ಹಿಡಿಸಿಬಿಟ್ಟಿತು. ಅವನ ಮಾತನ್ನು ಅಣಕಿಸುವುದೂ ಆಟದ ಒಂದು ಭಾಗವಾಗಿತ್ತು. ನಾಣಿಯಂತೂ ಮೈಸೂರಿನ ಬಾಯಲ್ಲಿ “ಹೊಂಟಿತ ದಂಡು” ಎಂದು ಕೂಗುವನು, ಬಸವಂತಪ್ಪನೇ ಮೊದಲು ನಗುವನು. ಅವನು ಫ್ಯಾಕ್ಟರಿಯ ಡಬ್ಬಗಳ ತಳದಲ್ಲುಳಿದ ಬಣ್ಣ ತಂದು ಒಬ್ಬೊಬ್ಬ ಸೈನಿಕನಿಗೂ ಹುಬ್ಬು ತಿದ್ದಿದ, ಹೆಸರಿಟ್ಟ. ಒಕ್ಕಣ್ಣ ಸರದಾರ. ತೋಳು ಮುರಿದ ನಗಾರಿಯವ. ಹಂಡೆ ಹೊತ್ತ ದೈತ್ಯನಿಗೆ ರೊಟ್ಟಿ ರಾಕ್ಷಸ ಎಂದು ಕರೆದ.

ಫ್ಯಾಕ್ಟರಿ ಮುಚ್ಚಿದ ಮೇಲೆ ಅವನು ದಹಿಸರಿಗೆ ಹೋಗಿ ಬಣ್ಣ, ಬ್ರಶ್ಶುಗಳ ಸಣ್ಣ ಅಂಗಡಿ ಹಾಕಿದ. ಹೋಗುವ ದಿನ ಡಬ್ಬಿಯನ್ನು ಸತ್ಯಮೂರ್ತಿಯ ಮನೆಯಲ್ಲಿ ಬಿಟ್ಟು ಹೋದ. “ಖೋಲಿಯಾಗ ಕಾಲು ಚಾಚಾಕ ಜಾಗಾ ಇಲ್ಲ. ನಿಮ್ಮಲ್ಲೇ ಇರ್ಲಿ, ಆಡ್ರಿ” ಎಂದ. ಆಮೇಲೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಆ ಮಾತು ಕೇಳಿದ್ದ. ಅವನು ನಗುತ್ತಿದ್ದುದರಿಂದ ಸತ್ಯಮೂರ್ತಿಯೂ ನಗುತ್ತಲೇ ಮಾತು ಕೊಟ್ಟಿದ್ದ.

ಆಮೇಲೆ ಆಟ ನಿಂತುಹೋಯಿತು. ಬಸವಂತಪ್ಪ ಎರಡು ಸಲ ಚೆಂಬೂರಿಗೆ ಬಂದ. ಇವರು ದಹಿಸರಿಗೆ ಹೋಗಬೇಕೆಂದಾಗಲೆಲ್ಲ ರೈಲು ಬದಲಿಸುವ ತಾಪತ್ರಯ, ಮಕ್ಕಳ ಪರೀಕ್ಷೆ, ಯಾರದೋ ಮುಂಜಿ. ಮುಂದಿನ ಭಾನುವಾರ ಎನ್ನುತ್ತಿದ್ದರು.

*

ಸ್ಮಶಾನದಲ್ಲಿ ಒಂದು ಚಿತೆ ಉರಿದು ಇಳಿಯುತ್ತಿತ್ತು. ಯಾವುದೋ ಗುಜರಾತಿ ಕುಟುಂಬದ್ದು. ಮೂವರೂ ಶೀಟಿನ ಮಾಡಿನ ಕೆಳಗೆ ಸಿಮೆಂಟಿನ ಬೆಂಚಿನ ಮೇಲೆ ಕುಳಿತರು. ಮೂರು ಹೊಡೆದು ಬಹಳ ಹೊತ್ತಾಗಿತ್ತು. ಬಸವಂತಪ್ಪನ ಕಡೆಯವರು ಯಾರೂ ಬಂದಿರಲಿಲ್ಲ.

“ಊರಿಂದ ಯಾರೋ ಬರಬೇಕಿರತ್ತೆ, ಅದಕ್ಕೇ ತಡ” ಎಂದ ನಾಣಿ. “ಡಬ್ಬಿ ತೆಗಿಯೋ, ನೋಡೋಣ.”

ಸತ್ಯಮೂರ್ತಿ ಮುಚ್ಚಳ ತೆಗೆದ. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ನಾಣಿ ಸರದಾರನನ್ನು ಎತ್ತಿ ಅಂಗೈ ಮೇಲೆ ನಿಲ್ಲಿಸಿಕೊಂಡ.

“ಹಳದಿ ಹೊಳೆ ಯುದ್ಧ ಜ್ಞಾಪಕ ಇದೆಯೇನೋ? ನಿನ್ನ ಕುದುರೆಗಳೆಲ್ಲ ಮಣ್ಣುಮುಕ್ಕಿದ ಮೇಲೆ ಈ ನನ್ಮಗ ಒಬ್ಬನೇ ಸೇತುವೆ ಹಿಡಿದು ನಿಂತಿದ್ದ.”

“ನಗಾರಿಯವನೂ ಇದ್ದ.”

“ನಗಾರಿಯವನನ್ನ ನಮ್ಮಕ್ಕನ ಹೆಣಗಳು ತಿಂದಿದ್ವು ಕಣೋ.”

“ತಿಂದಿರಲಿಲ್ಲ” ಎಂದಳು ವಿನೋದಿನಿ. “ತಿನ್ನಲಿ ಅಂತ ನಾನೆಷ್ಟು ಬಡ್ಕೊಂಡೆ.”

ನಾಣಿ ನಕ್ಕ. “ಕೂಲಿಯವರು ಸೋಲೋ ಹೊತ್ತಲ್ಲಿ ದಾಳ ಹಾಕಬೇಕಲ್ಲ, ಒಂದು ಬಿದ್ದರೆ ಬಿಟ್ಟು ಓಡಿಹೋಗಬೇಕು. ಅವನಿಗೆ ಒಂದು ಸಲವೂ ಒಂದು ಬೀಳಲಿಲ್ಲ ನೋಡು. ಎಂಥ ಅದೃಷ್ಟ.”

“ಬಿದ್ದಿರತ್ತೆ” ಎಂದ ಸತ್ಯಮೂರ್ತಿ. “ಅಂಗೈ ಮುಚ್ಚಿ ನೋಡ್ತಿದ್ದ. ನೋಡಿ, ‘ನಿಂತಾರ’ ಅಂತಿದ್ದ. ಅಷ್ಟೇ.”



“ಅವನ ಮಗಳ ಹೆಸರೇನೋ?” ಎಂದು ವಿನೋದಿನಿ ಕೇಳಿದಳು. ನಾಣಿ ಸತ್ಯಮೂರ್ತಿಯ ಮುಖ ನೋಡಿದ. ಸತ್ಯಮೂರ್ತಿ ಡಬ್ಬಿಯೊಳಗೆ ನೋಡಿದ. “ರೊಟ್ಟಿ ರಾಕ್ಷಸನ ಹೆಸರು ಮೂವರಿಗೂ ಗೊತ್ತು” ಎಂದಳು ಅವಳು. “ಮಗಳೋ ಮಗನೋ, ಅದೂ ನನಗೆ ಸರಿಯಾಗಿ ಗೊತ್ತಿಲ್ಲ.”

ಚಿತೆಯ ಕಡೆಯವರು ಎದ್ದು ಹೊರಟರು. ವಿನೋದಿನಿ ಅವರನ್ನೇ ನೋಡುತ್ತಿದ್ದವಳು ತಟ್ಟನೆ ತಿರುಗಿದಳು.

“ಸತ್ಯ, ಫೋನಿನಲ್ಲಿ ಏನಂದರು? ಅವರ ಮಾತಲ್ಲೇ ಹೇಳು.”

“ಮಣ್ಣು ಮೂರಕ್ಕ, ಅಂದರು. ರುದ್ರಭೂಮಿಗೆ ಬನ್ನಿ ಅಂದರು.”

“ಮಣ್ಣು ಅಂದರಾ?”

“ಅವರ ಕಡೆ ಹಾಗೇ ಅಲ್ವಾ ಅಕ್ಕ, ಎಲ್ಲಾದಕ್ಕೂ ಒಂದೊಂದು ಮಾತು…” ಎಂದ ನಾಣಿ.

“ಮಣ್ಣು ಅಂದರೆ ಮಣ್ಣೇ ಕಣೋ” ಎಂದಳು ವಿನೋದಿನಿ. “ಅವರು ಲಿಂಗಾಯತರು. ಅವರಲ್ಲಿ ಸುಡಲ್ಲ.”

ಬಸವಂತಪ್ಪನ ಕೊರಳಿನ ಲಿಂಗದ ಕರಡಿಗೆಯನ್ನು ಸತ್ಯಮೂರ್ತಿ ವರ್ಷಗಟ್ಟಲೆ ನೋಡಿದ್ದ. ಅವನು ದಾಳ ಹಾಕಲು ಬಗ್ಗಿದಾಗಲೆಲ್ಲ ಅದು ಮೇಜಿಗೆ ತಾಗುತ್ತಿತ್ತು. “ಲೋ, ನಿನ್ನ ಲಿಂಗ ನನ್ನ ಕುದುರೆ ಬೀಳಿಸ್ತು” ಎಂದು ಬೈದದ್ದೂ ಉಂಟು. ಸತ್ಯಮೂರ್ತಿ ಎದ್ದು ನಿಂತ. ನಾಣಿಯ ಕೈಯಿಂದ ಸರದಾರನನ್ನು ಕಿತ್ತುಕೊಂಡು ಡಬ್ಬಿಗೆ ಹಾಕಿ ರಸ್ತೆಗೆ ಓಡಿದ.

*

ಲಿಂಗಾಯತರ ರುದ್ರಭೂಮಿ ಎಲ್ಲೆಂದು ಇಬ್ಬರು ರಿಕ್ಷಾದವರಿಗೆ ಗೊತ್ತಿರಲಿಲ್ಲ. ಮೂರನೆಯವನು ಹೈವೇ ದಾಟಿಸಿ, ಎಮ್ಮೆ ಕಟ್ಟುವ ತಬೇಲಾಗಳ ಹಿಂದೆ ಗೋಡೆ ಕಟ್ಟಿದ ಸಣ್ಣ ಜಾಗವೊಂದರ ಮುಂದೆ ಇಳಿಸಿದ. ಒಳಗಿನಿಂದ ಜನ ಆಗಲೇ ಹೊರಗೆ ಬರುತ್ತಿದ್ದರು. ಹಣೆಯ ತುಂಬ ವಿಭೂತಿ, ಕಾಲಿನ ತುಂಬ ಕೆಂಪು ಕೆಸರು. ಮೂಲೆಯಲ್ಲಿ ಮುದುಕರೊಬ್ಬರು ಹೊಸ ದಿಬ್ಬದ ಮೇಲೆ ಪತ್ರಿ ಇಡುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತಲೆಯೆತ್ತಿ ಮೊದಲು ಡಬ್ಬಿಯನ್ನು ನೋಡಿದಳು, ಆಮೇಲೆ ಅದನ್ನು ಹಿಡಿದವನ ಮುಖ.

“ಸತ್ಯಣ್ಣಾರು ನೀವೇ ಏನ್ರಿ?” ಎಂದಳು ನಾಗವ್ವ. ಅತ್ತು ಅತ್ತು ದನಿ ಒಡೆದಿತ್ತು. “ಭಾಳ ಹಾದಿ ಕಾದ್ವಿರಿ. ಮೂರಕ್ಕಂದ್ರ ಮೂರಕ್ಕ ಬರ್ತೀರಿ ಅಂತ ಅನಕೊಂಡಿದ್ದೆ.”

“ಬೇರೆ ಕಡೆ ಹೋಗಿದ್ವಮ್ಮ” ಎಂದ ಸತ್ಯಮೂರ್ತಿ. “ಸುಡೋ ಸ್ಮಶಾನಕ್ಕೆ.”

ನಾಗವ್ವನಿಗೆ ಅದು ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅವಳು ದಿಬ್ಬದ ಕಡೆ ನೋಡಿದಳು.

“ಹಬ್ಬ ಬರ್ಲಿ ಹುಣ್ಣಿಮಿ ಬರ್ಲಿ, ‘ನನ್ನ ದಂಡು ಚೆಂಬೂರಾಗ ಅದ, ಸತ್ಯಾ ತರ್ತಾನ’ ಅಂತಿದ್ರು. ಏನ ದಂಡೋ ಏನೋ, ನಾ ಕೇಳಲಿಲ್ಲ. ಕುಣ್ಯಾಗ ಕುಂಡ್ರಿಸಿದ ಮ್ಯಾಲೆ ಬಲಮೊಣಕಾಲ ಬಾಜೂಕ ಜಾಗಾ ಬಿಡ್ರಿ ಅಂದೆ. ಚನ್ನಬಸಯ್ಯನವರು ಬಿಟ್ರು. ಹೊತ್ತು ಇಳೀತು, ಕುಣಿ ತೋಡಿದವರು ಹೊಂಟ ನಿಂತ್ರು. ಕಡೀಕ ಅಲ್ಲಿ ಉಪ್ಪು ಸುರುವಿದ್ರು.”

“ಅಯ್ಯನೋರೆ” ಎಂದ ನಾಣಿ, ಮುದುಕರ ಹತ್ತಿರ ಹೋಗಿ, “ಮೇಲೆ ಮೇಲೆ ಒಂದು ಚೂರು ತೆಗೆದು…”

ಚನ್ನಬಸಯ್ಯ ಪತ್ರಿ ಇಡುವುದನ್ನು ನಿಲ್ಲಿಸಲಿಲ್ಲ. “ಮುಚ್ಚಿದ್ದು ಕೆದರಬಾರದ್ರಿ ತಮ್ಮಾ. ಅಂವ ಕುಂತಾನ. ಕುಂತವನನ್ನ ಎಬ್ಬಸಬಾರದು.”

ಸತ್ಯಮೂರ್ತಿ ಡಬ್ಬಿಯನ್ನು ನಾಗವ್ವನ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಮುಚ್ಚಳ ತೆಗೆಯಲೂ ಹೇಳಲಿಲ್ಲ.

“ನನಗ ಯಾಕ್ರಿ ಅಣ್ಣಾರ. ಅವರಿಗೆ ಅಂತ ತಂದದ್ದು.” ಕಣ್ಣೊರೆಸಿಕೊಂಡು ಅವಳು ಸ್ವಲ್ಪ ಸರಿದು ಜಾಗ ಮಾಡಿದಳು. “ಬಂದೀರಿ. ಒಂದ ಹಿಡಿ ಮಣ್ಣು ಹಾಕ್ರಿ.”

ಎರಡೂ ಕೈಯಲ್ಲಿ ಡಬ್ಬಿ ಇತ್ತು. ಸತ್ಯಮೂರ್ತಿ ಅದನ್ನು ಕೆಸರಿನ ಮೇಲೆ ಇಳಿಸಿ, ಬಗ್ಗಿ, ಹಿಡಿ ತುಂಬ ಮಣ್ಣು ತೆಗೆದುಕೊಂಡ. ಕೆಳಗೆ ಬೀಳಲು ಕುಣಿಯೇ ಉಳಿದಿರಲಿಲ್ಲ. ಮಣ್ಣು ದಿಬ್ಬದ ಮೇಲೆ ಬಿದ್ದು, ಜಾರಿ, ಅವನ ಕಾಲ ಬಳಿಗೇ ಬಂತು.

ದಂಡನ್ನು ಬಸವಂತಪ್ಪನ ಜೊತೆ ಕಳಿಸುತ್ತೇನೆಂದು ಸತ್ಯಮೂರ್ತಿ ಮಾತು ಕೊಟ್ಟಿದ್ದ. ಕಳಿಸಲಿಲ್ಲ. ಡಬ್ಬಿಯ ತಳಕ್ಕೆ ಮೆತ್ತಿದ ಕೆಸರನ್ನು ಕರವಸ್ತ್ರದಿಂದ ಒರೆಸಿ, ಕಂಕುಳಲ್ಲಿಟ್ಟುಕೊಂಡು ಸ್ಟೇಶನ್ನಿನ ಕಡೆ ನಡೆದ.