ಮೂರೇ ದಿನಕ್ಕೆ ಕಪ್ಪಾದ ಎಣ್ಣೆ

ಚೆನ್ನಿಯಪ್ಪನ್ ಅರಪ್ಪಿನ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ರಾಮಾಯಿ ಅದನ್ನು ಸರಕ್ಕನೆ ತನ್ನ ಕಡೆಗೆ ಎಳೆದುಕೊಂಡಳು.

ಪೆರಿಯನಾಯಕನಪಾಳ್ಯಂನ ಆ ಮನೆಯ ಅಂಗಳದಲ್ಲಿ ಅವಳ ಗಂಡ ರಂಗಸಾಮಿಯನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಮೂವತ್ತು ವರ್ಷ ಊರೂರ ಬಾವಿಗಳ ಡೀಸಲ್ ಇಂಜಿನ್ ರಿಪೇರಿ ಮಾಡಿದ ಮನುಷ್ಯ ಹಿಂದಿನ ಸಂಜೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಹೊರಡಿಸುವ ಮೊದಲು ನೆಂಟರು ಒಬ್ಬೊಬ್ಬರಾಗಿ ತಲೆಗೆ ಎಣ್ಣೆ ಮುಟ್ಟಿಸಿ, ಸೀಗೆಯಂತೆ ತಲೆ ತೊಳೆಯುವ ಅರಪ್ಪಿನ ಸೊಪ್ಪಿನ ಪುಡಿ ಹಚ್ಚಿ, ನೀರು ಹಾಕಬೇಕು. ಈ ಮನೆಯಲ್ಲಿ ಹೆಂಡತಿಯ ಅಣ್ಣನದೇ ಮೊದಲ ಕೈ. ಆ ಅಣ್ಣ ಚೆನ್ನಿಯಪ್ಪನ್ ಎರಡು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ.

“ಮೊದ್ಲು ಹೇಳಣ್ಣಾ,” ಎಂದಳು ರಾಮಾಯಿ. “ಇವ್ರು ನಿನ್ನ ಇಂಜಿನ್‌ಗೆ ಹಳೇ ಎಣ್ಣೆ ಹಾಕಿದ್ರಾ? ಹೊಸಾದನ್ನ ಮಾರ್ಕೊಂಡ್ರಾ? ಕಳ್ಳ ಅನ್ಕೊಂಡೇ ತಲೆ ತೊಳೀತೀಯಾ?”

“ಈಗ ಯಾಕಮ್ಮಾ ಆ ಮಾತು,” ಎಂದು ಅತ್ತೆ ಸಾಮಿಯಾತಾಳ್ ತಡೆದಳು. “ಹೊತ್ತಾಗ್ತಾ ಐತೆ.”

“ಈಗಿಲ್ದೆ ಇನ್ಯಾವಾಗ ಅತ್ತೆ? ಇನ್ನು ಸ್ವಲ್ಪ ಹೊತ್ಗೆ ಇವ್ರೇ ಇರಲ್ಲ.”

ಚೆನ್ನಿಯಪ್ಪನ್ ಅಳುವುದಕ್ಕೆ ತಯಾರಾಗಿ ಬಂದಿದ್ದ, ಉತ್ತರ ಕೊಡುವುದಕ್ಕಲ್ಲ. ಅವನು ಹೆಗಲ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಹಿಂಡತೊಡಗಿದ.

“ಕಣ್ಣಲ್ಲಿ ಕಂಡದ್ದು ಹೇಳ್ದೆ ತಾಯಿ. ಗುರುವಾರ ಎಣ್ಣೆ ಹಾಕ್ದ. ಭಾನುವಾರ ಎಣ್ಣೆ ಅಳೆಯೋ ಕಡ್ಡಿ ಎಳ್ದು ನೋಡಿದ್ರೆ ಕರೀ ಮಸಿ. ನಾನು ಏನಂತ ಅನ್ಕೋಬೇಕು?”

*

ಎರಡು ವರ್ಷದ ಹಿಂದೆ ತನ್ನೂರು ತೊಂಡಾಮುತ್ತೂರಿನ ಟೀ ಅಂಗಡಿಯ ಮುಂದೆ ಚೆನ್ನಿಯಪ್ಪನ್ ಆ ಕಡ್ಡಿಯನ್ನು ಹತ್ತು ಜನಕ್ಕೆ ತೋರಿಸಿದ್ದ. ಮಾತು ಕಿವಿಗೆ ಬಿದ್ದ ದಿನವೇ ರಂಗಸಾಮಿ ಇನ್ನೊಂದು ಡಬ್ಬಿ ಹೊತ್ತುಕೊಂಡು ಬಸ್ಸು ಹತ್ತಿದ. ಭಾವನ ತೋಟದಲ್ಲಿ, ಎಲ್ಲರ ಎದುರಿಗೆ, ಕಪ್ಪಾದದ್ದನ್ನು ಇಳಿಸಿ, ಡಬ್ಬಿಗೆ ಬೆಸೆದಿದ್ದ ಮುಚ್ಚಳ ಕಿತ್ತು ಹೊಸ ಎಣ್ಣೆ ಸುರಿದ. ಎಣ್ಣೆ ಜೇನಿನ ಬಣ್ಣಕ್ಕಿತ್ತು. ಮೂರನೆಯ ದಿನ ಅದೂ ಕಪ್ಪಾಯಿತು.

“ಬೇರೇ ಎಣ್ಣೆ ತುಂಬಿ ಡಬ್ಬಿಗೆ ಮತ್ತೆ ಬೆಸುಗೆ ಹಾಕೋದು ಮೆಕ್ಯಾನಿಕ್‌ಗೇನು ಕಷ್ಟ?” ಎಂದ ಚೆನ್ನಿಯಪ್ಪನ್. ಟೀ ಅಂಗಡಿ ನಕ್ಕಿತು.

ಆ ರಾತ್ರಿ ಊಟಕ್ಕೆ ಕುಳಿತ ರಂಗಸಾಮಿ ಅನ್ನ ಕಲೆಸುತ್ತಲೇ ಇದ್ದ.

“ನಂಗೇ ತಿಳೀತಿಲ್ಲ ರಾಮಾಯಿ. ಮೊದ್ಲು ಬರ್ತಿದ್ದ ಎಣ್ಣೆ ತಿಂಗಳಾದ್ರೂ ಇಷ್ಟು ಕಪ್ಪಾಗ್ತಿರ್ಲಿಲ್ಲ. ಇಂಜಿನ್‌ನಲ್ಲೂ ಏನೂ ಕೆಟ್ಟಿಲ್ಲ.”

ರಾಮಾಯಿ ರಸದ ಪಾತ್ರೆಯಿಂದ ತಲೆ ಎತ್ತಲಿಲ್ಲ. “ನಿಜಾ ಹೇಳಿ. ಹೊಸಾದೇ ಹಾಕಿದ್ರಾ?”

ಅವನು ಅವಳನ್ನೇ ನೋಡಿದ. ಆಮೇಲೆ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಂದಿನಿಂದ ಮನೆಯಲ್ಲಿ ಅವನು ಕೆಲಸದ ಸುದ್ದಿ ಎತ್ತಲಿಲ್ಲ.

*

ಅಂಗಳದಲ್ಲಿ ಬಟ್ಟಲು ಇನ್ನೂ ರಾಮಾಯಿಯ ಕೈಯಲ್ಲೇ ಇತ್ತು. ಹಾರ ಹಿಡಿದುಕೊಂಡು ನಿಂತಿದ್ದ ಗೋಪಾಲಸಾಮಿ ಮುಂದೆ ಬಂದ. ಮೇಟ್ಟುಪಾಳ್ಯಂ ರಸ್ತೆಯಲ್ಲಿ ಅವನದು ಇಂಜಿನ್ ಎಣ್ಣೆಯ ಅಂಗಡಿ.

“ಯಾವ ಎಣ್ಣೆ ಅಕ್ಕಾ ಅದು? ಆಗ ಹೊಸದಾಗಿ ಬಂತಲ್ಲ, ಹಸುರು ಡಬ್ಬಿ, ಅದಾ?”

“ಹಸುರೇ,” ಎಂದ ಚೆನ್ನಿಯಪ್ಪನ್.

“ಅಯ್ಯೋ, ಅದು ಕಪ್ಪಾಗ್ಲೇಬೇಕು ಮಾಮಾ! ಇಂಜಿನ್‌ನೊಳಗೆ ವರ್ಷಗಟ್ಟಲೆ ಮಸಿ ಕೂತಿರ್ತದೆ. ಹಳೇ ಥರದ ಎಣ್ಣೆ ಅದನ್ನ ಮುಟ್ತಿರ್ಲಿಲ್ಲ. ಇದು ತೊಳ್ದು ತನ್ನೊಳಗೆ ತಗೊಳ್ತದೆ, ಅದಕ್ಕೇ ಬೇಗ ಕಪ್ಪಾಗೋದು. ಕಂಪನಿಯೋರು ಬಂದು ಹೇಳ್ಕೊಟ್ಟವ್ರೆ. ಕಪ್ಪಾದ್ರೆ ಎಣ್ಣೆ ಕೆಲ್ಸ ಮಾಡ್ತಾ ಐತೆ ಅಂತ.” ಅವನು ಬೆಂಚಿನ ಕಡೆ ನೋಡಿದ. “ವಾರಕ್ಕೊಂದು ಸಲ ಅಂಗಡಿಗೆ ಬರ್ತಿದ್ರು. ಒಂದು ಮಾತು ನನ್ನ ಕೇಳಿದ್ರೆ ಆಗ್ತಿತ್ತು.”

ಹೇಗೆ ಕೇಳುತ್ತಾನೆ? ಮೂವತ್ತು ವರ್ಷ ಇಂಜಿನ್ ಬಿಚ್ಚಿದವನು, ನಿನ್ನೆ ಮೊನ್ನೆ ಅಂಗಡಿ ತೆರೆದವನ ಮುಂದೆ ನಿಂತು, ಎಣ್ಣೆ ಯಾಕಪ್ಪಾ ಕಪ್ಪಾಗುತ್ತದೆ ಎಂದು ಕೇಳುವುದು ಹೇಗೆ! ಪಾಪ, ಅವನಿಗೆ ನಾಚಿಕೆಯಾಗಿರಬೇಕು.

ಚೆನ್ನಿಯಪ್ಪನ್ ಬೆಂಚಿನ ಪಕ್ಕದಲ್ಲಿ ಕುಳಿತ.

“ಇಂಜಿನ್ ಈಗ್ಲೂ ಓಡ್ತಾ ಐತೆ,” ಎಂದ. “ಎರಡು ವರ್ಷ ಒಂದಿನಾನೂ ಕೈ ಕೊಟ್ಟಿಲ್ಲ. ಅದನ್ನ ಮಾತ್ರ ಟೀ ಅಂಗಡೀಲಿ ಯಾರ್ಗೂ ಹೇಳ್ಲಿಲ್ಲ ನಾನು.”

ರಾಮಾಯಿ ಬಟ್ಟಲನ್ನು ಅವನತ್ತ ಸರಿಸಿದಳು. ಅವನು ರಂಗಸಾಮಿಯ ಹಣೆಯಿಂದ ಹಿಂದಕ್ಕೆ ನಿಧಾನವಾಗಿ ಅರಪ್ಪು ಸವರಿದ. ಸವರುತ್ತ ಅಳತೊಡಗಿದ.

“ಊರೆಲ್ಲಾ ಕಳ್ಳ ಅಂದ್ರೂ ನೀನೊಬ್ಳು ನಂಬಿದ್ಯಲ್ಲ ತಾಯಿ. ಆ ಒಂದು ಸಮಾಧಾನನಾದ್ರೂ ಇತ್ತು ಅವನಿಗೆ.”

ಹೆಂಗಸರೆಲ್ಲ ಹೌದು ಹೌದೆಂದು ತಲೆದೂಗಿದರು. ಸಾಮಿಯಾತಾಳ್ ಸೊಸೆಯ ಬೆನ್ನು ಸವರಿದಳು. ರಾಮಾಯಿಗೆ ಆ ರಾತ್ರಿ ತಟ್ಟೆಯಲ್ಲೇ ತೊಳೆದ ಕೈ ನೆನಪಾಯಿತು. ಅಣ್ಣನಿಂದ ಬೇಕಾಗಿದ್ದ ಮಾತು ಸಿಕ್ಕಿತ್ತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅವಳು ಗಂಡನ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಮುಚ್ಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಚೊಂಬಿನ ನೀರು ಹೊಯ್ದು ಹೆಬ್ಬೆರಳಿನಿಂದ ಅಂಗೈ ತಿಕ್ಕಿದಳು. ಗೆರೆಗಳಿಂದ, ಉಗುರಿನ ಸಂದಿಯಿಂದ ಕಪ್ಪು ಇಳಿದು ಅವಳ ಸೀರೆಯ ಮೇಲೆ ಹರಿಯಿತು. ಇನ್ನೊಂದು ಚೊಂಬು ಹೊಯ್ದಳು. ಅದೂ ಕಪ್ಪಾಗಿಯೇ ಇಳಿಯಿತು.

“ಸಾಕು ರಾಮಾಯಿ,” ಎಂದಳು ಸಾಮಿಯಾತಾಳ್.

ರಾಮಾಯಿ ಮತ್ತೆ ಚೊಂಬನ್ನು ನೀರಿಗೆ ಅದ್ದಿದಳು.