ಎಂಟೂವರೆಗೆ ನಾನು ಕೂಗಲಿಲ್ಲ

ನಾನು ಒಂದು ಅಗ್ಗದ ಫೋನು. ಕಾರ್ಖಾನೆಯಲ್ಲಿ ನನ್ನೊಳಗೆ ಮೊದಲು ತುಂಬಿದ ವಿದ್ಯೆ ಮಲಗಿಸುವುದು. ನನ್ನ ಬ್ಯಾಟರಿ ಬಡವ. ಅದನ್ನು ಉಳಿಸಲು, ಯಜಮಾನರು ಕಣ್ಣು ತೆಗೆದ ಕೂಡಲೇ ಒಳಗಿನ ಆಪ್‌ಗಳನ್ನು ಒಂದೊಂದಾಗಿ ಮಲಗಿಸಿಬಿಡುತ್ತೇನೆ. ಕೆಲವು ಮತ್ತೆ ಏಳುವುದೇ ಇಲ್ಲ.

ನನ್ನನ್ನು ಮೊದಲು ಕೊಂಡವಳು ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಶಿವಲೀಲಾ. ಹಿಟ್ಟು ಮೆತ್ತಿದ ಬೆರಳಿನಿಂದಲೇ ನನ್ನನ್ನು ಒತ್ತುತ್ತಿದ್ದಳು. ಅವಳಿಗೆ ಮೂರ್ಛೆರೋಗವಿತ್ತು. ಖಾನಾವಳಿಯ ಮೇಲಿನ ಎರಡು ಕೋಣೆಗಳಲ್ಲಿ ಶ್ರೀಶೈಲ ಎಂಬ ತರುಣ ಗುಳಿಗೆಯ ವೇಳೆ ನೆನಪಿಸುವ ಆಪ್ ಕಟ್ಟುತ್ತಿದ್ದ. ಅದನ್ನು ಪರೀಕ್ಷಿಸುವ ಕೆಲಸ ನಸೀಮಾಳದು. ಅವರ ಮೊದಲ ಬಳಕೆದಾರಳು ಶಿವಲೀಲಾ. ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯ ಗುಳಿಗೆ, ಎಂಟೂವರೆಗೆ ಮೂರ್ಛೆಯ ಗುಳಿಗೆ. ಮೊದಲೇ ನುಂಗಿ ಗುರುತು ಒತ್ತಿದ್ದರೆ ಆಪ್ ಸುಮ್ಮನಿರಬೇಕು, ಇಲ್ಲದಿದ್ದರೆ ಕೂಗಬೇಕು. ನಾನು ಅದನ್ನೂ ಮಲಗಿಸಿಬಿಡುತ್ತಿದ್ದೆ.

"ಅಕ್ಕಾ, ಇದನ್ನ ನನಗ ಕೊಡ್ರಿ. ನನ್ನ ಚಲೋ ಫೋನ್ ನೀವ್ ಇಟ್ಕೋರಿ," ಎಂದಳು ನಸೀಮಾ.

"ಈ ದರಿದ್ರದ್ದು ಯಾಕ ಬೇಕ ತಂಗಿ ನಿನಗ?"

"ಇದರಾಗ ಒದರಿದ್ರ ಊರಾಗಿನ ಎಲ್ಲಾ ಫೋನಿನ್ಯಾಗೂ ಒದರತೈತ್ರಿ."

ಹೀಗೆ ನಾನು ಮಹಡಿ ಹತ್ತಿ ಒಂದು ಡ್ರಾವರು ಸೇರಿದೆ. ನಸೀಮಾಳ ನೇಮ ಒಂದೇ. ಆಪ್‌ನ ಯಾವ ಹೊಸ ಆವೃತ್ತಿಯೂ ಜನರಿಗೆ ಹೋಗುವ ಮುಂಚೆ ಒಂದು ರಾತ್ರಿ ನನ್ನೊಳಗೆ ಮಲಗಬೇಕು. ಬೆಳಿಗ್ಗೆ ಶಿವಲೀಲಾಳ ಎರಡೂ ವೇಳೆಗೆ ತಾನಾಗಿ ಎದ್ದು ಕೂಗಬೇಕು. ಕೆಳಗೆ ಅವಳು ರೊಟ್ಟಿ ಬಡಿಯುವ ಸದ್ದು ಮೇಜಿನ ಕಾಲು ಹತ್ತಿ ನನ್ನನ್ನು ತಲುಪುತ್ತಿತ್ತು. ಅದನ್ನು ಕೇಳುತ್ತಲೇ ನಾನು ಕೂಗುತ್ತಿದ್ದೆ.

ಶ್ರೀಶೈಲನಿಗೆ ಆ ಒಂದು ರಾತ್ರಿ ಭಾರವಾಗತೊಡಗಿತು. ಪುಣೆಯಲ್ಲಿ ಬೇರೆ ಯಾರೋ ಇಂಥದ್ದೇ ಆಪ್ ಕಟ್ಟುತ್ತಿದ್ದರು.

"ನಿನ್ನ ಈ ಡಬ್ಬಿ ಏಳೂದ್ರಾಗ ನಮ್ಮ ಕಂಪನಿ ಮಲಗತೈತಿ ನಸೀಮಾ."

"ಮಲಗಲಿ ಬಿಡ್ರಿ ಸರ. ಎಬ್ಬಸಾಕ ನಮ್ಮ ಆಪ್ ಐತೆಲ್ಲ."

ಒಂದು ಶುಕ್ರವಾರ ಬಂಡವಾಳ ಹಾಕುವವರು ಬಂದರು. ಹತ್ತರ ವಿಮಾನ ಹಿಡಿಯಬೇಕಿದ್ದರಿಂದ ಎಂಟಕ್ಕೇ ಕೂತರು. ಎಂಟರ ಕೂಗನ್ನು ಅವರಿಗೆ ಕೇಳಿಸಬೇಕಿತ್ತು. ಆದರೆ ಮೇಜಿನ ಮೇಲಿನ ಐದೂ ಫೋನುಗಳು ಎಂಟೂವರೆಗೆ ಮತ್ತೆ ಕೂಗಿ ಮಾತು ಕೆಡಿಸಬಾರದೆಂದು ಶ್ರೀಶೈಲ ಹಿಂದಿನ ಸಂಜೆ ಕೋಡಿನಲ್ಲಿ ಒಂದು ಸಾಲು ಸೇರಿಸಿದ್ದ: ಒಮ್ಮೆ ಕೂಗಿದ ಮೇಲೆ ಒಂದು ತಾಸು ಸುಮ್ಮನಿರು.

ಅತಿಥಿಗಳು ಮೆಚ್ಚಿದರು. ಬಣ್ಣ ಬದಲಿಸಿ ಇವತ್ತೇ ಜನರಿಗೆ ಬಿಡಿ ಎಂದು ಹೇಳಿ ಹೋದರು.

"ಆ ಸಾಲ ತಗದೀರಿಲ್ರಿ?" ಎಂದು ನಸೀಮಾ ಕೇಳಿದಳು.

"ತಗೀತೀನ್ ತಗೋ."

"ರಾತ್ರಿ ಇದರಾಗ ಮಲಗಲ್ರಿ ಮತ್ತ."

"ಇವತ್ತೊಂದ್ ದಿನ ಬ್ಯಾಡ."

ನಸೀಮಾ ನನ್ನನ್ನು ನೋಡಿದಳು. ಆಮೇಲೆ ಡ್ರಾವರು ಮುಚ್ಚಿದಳು.

ಬಣ್ಣ ಬದಲಾಯಿತು. ಸಾಲು ಉಳಿಯಿತು. ಹೊಸ ಆವೃತ್ತಿ ಸಾವಿರಾರು ಫೋನುಗಳಿಗೆ ಹೋಯಿತು, ನನಗೂ ಬಂತು.

ಶನಿವಾರ ಕಚೇರಿಗೆ ರಜೆ. ಎಂಟಕ್ಕೆ ಕೂಗಿದೆ. ಎಂಟೂವರೆಗೆ ನನ್ನೊಳಗೆ ಆಪ್ ಎದ್ದಿತು, ಬಾಯಿ ತೆರೆಯಿತು, ಆ ಸಾಲನ್ನು ಕಂಡು ಮುಚ್ಚಿತು. ಭಾನುವಾರವೂ ಹಾಗೆಯೇ. ಮಲಗಿಸುವ ನನಗೆ ನಿದ್ದೆಯ ಗುರುತು ಗೊತ್ತು. ಅದು ನಿದ್ರಿಸುತ್ತಿರಲಿಲ್ಲ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ಕೆಳಗೆ ರೊಟ್ಟಿ ಬಡಿಯುವುದು ಕೇಳುತ್ತಿತ್ತು. ಒಂಬತ್ತರ ಸುಮಾರಿಗೆ ತಾಳ ತಪ್ಪಿತು. ನಿಂತಿತು. ಪಾತ್ರೆಯೊಂದು ಉರುಳಿತು. ಯಾರೋ ಚೀರಿದರು.

ಸುದ್ದಿ ಕೇಳಿದ ನಸೀಮಾ ಸೋಮವಾರ ಎಂಟಕ್ಕೆ ಮುಂಚೆಯೇ ಬಂದು ಡ್ರಾವರು ಎಳೆದು ನಿಂತಳು. ಹಿಂದೆ ಶ್ರೀಶೈಲ. ಎಂಟಕ್ಕೆ ಕೂಗಿದೆ.

"ನೋಡ, ಒದರತೈತಿ," ಎಂದ ಅವನು.

"ತಡೀರಿ."

ಅರ್ಧ ತಾಸು ಇಬ್ಬರೂ ಗಡಿಯಾರ ನೋಡುತ್ತ ನಿಂತರು. ಎಂಟೂವರೆ. ಎಂಟು ಮೂವತ್ತೊಂದು. ಶ್ರೀಶೈಲ ಕೋಡು ತೆರೆದು ಆ ಸಾಲಿನ ಮೇಲೆ ಬೆರಳಿಟ್ಟ.

ಆಸ್ಪತ್ರೆಗೆ ನಸೀಮಾಳ ಚೀಲದಲ್ಲಿ ನಾನೂ ಹೋದೆ. ಕಾದ ಹಂಚಿನ ಮೇಲೆ ಬಿದ್ದ ಶಿವಲೀಲಾಳ ಬಲಗೈಗೆ ಮೊಣಕೈವರೆಗೂ ಪಟ್ಟಿ ಸುತ್ತಿದ್ದರು.

"ಗುಳಿಗಿ ನೆನಪಿತ್ತ ತಂಗಿ," ಎಂದಳು. "ಎರಡೂ ದಿನ ನೆನಪಿತ್ತು. ಆದ್ರ ಅದು ಒದರಲಿಲ್ಲಲ್ಲ. ಕೆಲಸದ ಗದ್ದಲದಾಗ ತಗೊಂಡು ಒತ್ತಿರಬೇಕು, ನಾನ ಮರತೇನಿ ಅಂದ್ಕೊಂಡೆ. ಎರಡ ಸಲ ನುಂಗಿದ್ರ ಏನರ ಆದೀತು ಅಂತ ಬಿಟ್ಟೆ."

ಆಮೇಲೆ ಶ್ರೀಶೈಲನ ಕಡೆ ತಿರುಗಿದಳು.

"ಖಾನಾವಳಿ ಮುಚ್ಚೇತಿ," ಎಂದಳು ಅವಳು. "ಎಲ್ಲಿ ಉಂಡ್ಯೋ ತಮ್ಮಾ?"

ಈಗ ನನ್ನ ಬೆನ್ನು ಉಬ್ಬಿದೆ. ವೈರು ಕಿತ್ತರೆ ಉಸಿರಿಲ್ಲ. ಹೊಸ ಆವೃತ್ತಿಗಳು ಮಲಗಲು ನಸೀಮಾ ಬೇರೊಂದು ಅಗ್ಗದ ಫೋನು ತಂದಿದ್ದಾಳೆ. ಆ ಸಾಲು ಎಲ್ಲ ಕಡೆಯಿಂದ ಅಳಿಸಿಹೋಗಿದೆ, ನನ್ನೊಬ್ಬನನ್ನು ಬಿಟ್ಟು. ಅಳಿಸಲು ಶ್ರೀಶೈಲ ಒಪ್ಪಲಿಲ್ಲ. ಖಾನಾವಳಿಗೆ ರೊಟ್ಟಿಯ ಯಂತ್ರ ಬಂದಿದೆ. ಅದು ಬಡಿಯುವುದಿಲ್ಲ, ಗುಂಯ್ಗುಡುತ್ತದೆ.

ಇಂದು ಬೆಳಿಗ್ಗೆ ಬಂಡವಾಳದವರಿಂದ ಶ್ರೀಶೈಲನಿಗೆ ಕರೆ ಬಂತು. ಆ ಕಡೆಯ ದನಿಗೆ ಅವಸರ.

"ಪುಣೇದವ್ರು ಮುಂದ ಹೋದ್ರ ಹೋಗಲಿ ಬಿಡ್ರಿ," ಎಂದ ಶ್ರೀಶೈಲ. "ನಾಳೆ ಬಿಡ್ತೀನಿ. ಒಂದ್ ರಾತ್ರಿ ಮಲಗಲಿ."

ಮಾತು ಮುಗಿಸಿ ಗಡಿಯಾರ ನೋಡಿದ. ಡ್ರಾವರು ಎಳೆದ. ದಿನವೂ ಎಳೆಯುತ್ತಾನೆ.

ಬದುಕಿನಲ್ಲಿ ಎಷ್ಟನ್ನೋ ಮಲಗಿಸಿದ್ದೇನೆ. ಇದೊಂದನ್ನು ಮಲಗಿಸಲಾರೆ. ಎಂಟೂವರೆಯಾಯಿತು. ನನ್ನೊಳಗೆ ಅದು ಎದ್ದಿತು, ಬಾಯಿ ತೆರೆಯಿತು, ಆ ಸಾಲನ್ನು ಕಂಡು ಮುಚ್ಚಿತು.

ಶ್ರೀಶೈಲ ಕಿವಿಗೊಟ್ಟು ನಿಂತಿದ್ದ.