ಅಲ್ಲಾಡಬ್ಯಾಡಿ ಎನ್ನುವ ಕಾಡಸಿದ್ದಪ್ಪನವರು

ಮಧುಗಿರಿಯ ಕಾಡಸಿದ್ದಪ್ಪನವರು ಹೆಣಕ್ಕೂ ‘ಅಲ್ಲಾಡಬ್ಯಾಡಿ’ ಎನ್ನುತ್ತಾರೆ. ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವ ಮುನ್ನ ಮನೆಮಂದಿಯೆಲ್ಲ ಸುತ್ತ ನಿಂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಸುತ್ತಲ ತಾಲ್ಲೂಕುಗಳಲ್ಲಿ ಯಾವ ಜಾತಿಯವರ ಮನೆಯಲ್ಲೇ ಆಗಲಿ, ಆ ಫೋಟೋ ಎಂದರೆ ಇವರೇ. ಮಂಡಿನೋವಿನ ಕಾಲನ್ನು ಸ್ವಲ್ಪ ಎಳೆದುಕೊಂಡು, ಎಂಥ ಬಿಸಿಲಿದ್ದರೂ ಅದೇ ಕಪ್ಪು ಕೋಟು ತೊಟ್ಟು ಬಂದು, ಅಳುವವರನ್ನು ಕೈಸನ್ನೆಯಿಂದ ಸುಮ್ಮನಾಗಿಸಿ, ಎಲ್ಲರಿಗಿಂತ ನಿಶ್ಚಲವಾಗಿ ಕುಳಿತವರನ್ನೇ ನೋಡುತ್ತ ಮೆಲ್ಲಗೆ ಹೇಳುವರು: “ಅಲ್ಲಾಡಬ್ಯಾಡಿ.” ನಗು ಬರಬೇಕಾದ ಮಾತು, ಆ ಹೊತ್ತಿನಲ್ಲಿ ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ.

ಇಂಥ ಮನುಷ್ಯ ಒಂದು ಊಟದ ಡಬ್ಬಿಗೆ ಹೆದರಿದ್ದನ್ನು ಕಣ್ಣಾರೆ ಕಂಡವನು ನಾನು.

ಸಿರಾ ರಸ್ತೆಯಲ್ಲಿ ಮುಚ್ಚಿಹೋದ ನೂಲಿನ ಮಿಲ್ಲೊಂದಿದೆ. ಮುಚ್ಚಿದ ದಿನ, ಗೇಟಿನ ಹತ್ತಿರ ಏನೋ ಮಾತಾಡುವುದಿದೆ ಬನ್ನಿ ಎಂದು ಕೆಲಸಗಾರರನ್ನೆಲ್ಲ ಹೊರಗೆ ಕರೆದು ಬೀಗ ಜಡಿದರಂತೆ. ಉಂಡವರ ಡಬ್ಬಿ, ಉಣ್ಣದವರ ಡಬ್ಬಿ, ಚಪ್ಪಲಿ, ಬಾಚಣಿಗೆ ಎಲ್ಲ ಒಳಗೇ ಉಳಿದವು. ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ. ಒಂದು ಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಈಚೆಗೆ ಕಟ್ಟಡ ಕೆಡವುತ್ತಾರೆಂಬ ಸುದ್ದಿ ಹಬ್ಬಿದಾಗ ಹಳೆಯ ಕೆಲಸಗಾರ ಚೌಡಯ್ಯ ಕಾಡಸಿದ್ದಪ್ಪನವರ ಸ್ಟುಡಿಯೋಗೆ ಬಂದು, “ಸಾಮಾನಂತೂ ಕೊಡಕ್ಕಿಲ್ಲ, ಫೋಟೋನಾದ್ರೂ ತಂದ್ಕೊಡಿ ಸ್ವಾಮಿ” ಎಂದು ಕೇಳಿದ. ಮಿಲ್ಲಿನ ಕಾವಲುಗಾರ ನರಸಿಂಹರಾಜುವಿನ ತಂದೆಯ ಕೊನೆಯ ಫೋಟೋ ತೆಗೆದವರು ಇವರೇ ಆದ್ದರಿಂದ, ಏನನ್ನೂ ಮುಟ್ಟಬಾರದೆಂಬ ಕರಾರಿನ ಮೇಲೆ ಬಾಗಿಲು ತೆರೆಯಿತು. ಕ್ಯಾಮೆರಾದ ಸ್ಟ್ಯಾಂಡು ಹೊರುವ ನೆಪದಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ.

ಒಳಗೆ ಜಂತಿಗಳಿಂದ ಹತ್ತಿಯ ಎಳೆಗಳು ಬೂದಿಬಣ್ಣಕ್ಕೆ ತಿರುಗಿ ಜೋತಾಡುತ್ತಿದ್ದವು. ಯಂತ್ರಗಳ ಮೇಲೆ ಕೊನೆಯ ಆಯುಧಪೂಜೆಯ ಕುಂಕುಮ ಒಣಗಿತ್ತು. ಗೋಡೆಯ ಕನ್ನಡಿಯ ಅಂಚಿಗೆ ಯಾರೋ ಹೆಂಗಸರು ಅಂಟಿಸಿದ ಬೊಟ್ಟುಗಳು ಹಾಗೇ ಇದ್ದವು. ಕಾಡಸಿದ್ದಪ್ಪನವರು ಪ್ರತಿ ಕೋಣೆಯ ಹೊಸ್ತಿಲಲ್ಲೂ ನಿಂತು, ಒಳಗಿದ್ದವರಿಗೆ ತಿಳಿಯಲೆಂಬಂತೆ ಗಟ್ಟಿಯಾಗಿ ಕೆಮ್ಮಿಯೇ ಕಾಲಿಡುವರು. ಒಳಗೆ ಯಾರೂ ಇರಲಿಲ್ಲ. “ಹೆಣ ಆದ್ರೆ ಹೋಗ್ಬುಟ್ಟಿರ್ತೈತೆ ಮೇಷ್ಟ್ರೆ, ಅದ್ರ ಭಯ ಇಲ್ಲ. ಇವು ಇನ್ನೂ ಕಾಯ್ತಾ ಅವೆ” ಎಂದರು. ನಾನು ಅವರಿಗೆ ಇನ್ನಷ್ಟು ಹತ್ತಿರ ನಿಂತೆ.

ಊಟದ ಕೋಣೆಯ ಹಲಗೆಯ ಮೇಲೆ ಡಬ್ಬಿಗಳಿದ್ದವು. ಅವುಗಳ ಮೇಲೆ ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರುಗಳು. ಚೌಡಯ್ಯ ತನ್ನ ಡಬ್ಬಿಯ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲೆಲ್ಲ ತೋರಿಸಿದ, ಮರುವಾರವೇ ತೀರಿಕೊಂಡ. ಆಮೇಲೆ ಅವನ ಜೊತೆ ದುಡಿದಿದ್ದ ಮಾರಕ್ಕ ಹಟ ಹಿಡಿದು ತನ್ನದನ್ನೂ ತೆಗೆಸಿದಳು. ಆಕೆಯೂ ಹೆಚ್ಚು ದಿನ ಉಳಿಯಲಿಲ್ಲ. ಊರು ಸುಮ್ಮನಿರುತ್ತದೆಯೇ? ಹಳೆಯ ಕೆಲಸಗಾರರು ಆ ಕಪ್ಪು ಕೋಟು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದರು. ‘ನಂದು ತೆಗೀಬ್ಯಾಡಿ’ ಎಂದು ಹೇಳಿ ಕಳಿಸಿದರು.

ಕಾಡಸಿದ್ದಪ್ಪನವರಿಗೂ ಅದೇ ಭಯ ಹತ್ತಿತು. ಇದೆಂಥ ಹುಚ್ಚು ಎಂದು ನಾನು ಅವರ ಮೇಲೆ ರೇಗಿದೆ. ವರ್ಷಗಟ್ಟಲೆ ಹತ್ತಿಯ ಧೂಳು ನುಂಗಿದ ಎದೆಗಳವು, ಫೋಟೋ ಏನು ಮಾಡೀತು ಎಂದು, ಪಾಠ ಹೇಳುವ ಚಟದವನಾದ್ದರಿಂದ ಉದ್ದಕ್ಕೆ ವಿವರಿಸಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು. “ನೀವನ್ನೋದು ದಿಟ. ಸರೋಜಾನೂ ಅದೇ ಧೂಳು ಕುಡ್ದೋಳು” ಎಂದರು. ಅವರ ಹೆಂಡತಿ ಸರೋಜಮ್ಮ ಅದೇ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವರು. ಚಳಿಗಾಲದಲ್ಲಿ ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಆಕೆಯ ಡಬ್ಬಿಯೂ ಆ ಹಲಗೆಯ ಮೇಲೆ, ಮಾರಕ್ಕನ ಡಬ್ಬಿಯ ಪಕ್ಕದಲ್ಲೇ ಇತ್ತು. ಅದರ ಫೋಟೋ ತೆಗೆಯಲು ಇವರಿಗೆ ಕೈ ಬಾರದೆ, ಮನೆಯಲ್ಲಿ ‘ಸಿಗಲಿಲ್ಲ’ ಎಂದು ಸುಳ್ಳು ಹೇಳಿದ್ದರು. ಸಮಾಧಾನ ಹೇಳಹೋದ ನಾನು ಅವರ ಭಯಕ್ಕೆ ಬುಡ ಭದ್ರ ಮಾಡಿಕೊಟ್ಟಿದ್ದೆ.

ಅಲ್ಲಿಂದ ಮುಂದೆ ಅವರು ಮಿಲ್ಲಿನಿಂದ ಬಂದರೆ ಕೋಟನ್ನು ಹೊರಗಿನ ಮೊಳೆಗೆ ನೇತುಹಾಕಿ, ಹಿತ್ತಲಲ್ಲಿ ಮಿಂದೇ ಒಳಗೆ ಹೋಗುವರು. “ನಮ್ಮಲ್ಲಿ ಸೂತಕಾನೇ ಇಲ್ವಲ್ರೀ, ಇದೆಲ್ಲಿಂದ ತಂದ್ರಿ?” ಎಂದು ಸರೋಜಮ್ಮ ಛೇಡಿಸುವರು. ಆಕೆ ಕೆಮ್ಮಿದರೆ ಇವರಿಗೆ ಭಯ. ಕೆಮ್ಮು ನಿಂತರೆ ಇನ್ನೂ ಭಯ.

ಸುಳ್ಳು ಬಯಲಾದದ್ದು ಮಾರಕ್ಕನ ಡಬ್ಬಿಯ ಫೋಟೋದಿಂದ. ಸ್ಟುಡಿಯೋದಲ್ಲಿ ಉಳಿದಿದ್ದ ಅದರ ಪ್ರತಿಯನ್ನು ಕನ್ನಡಕ ಏರಿಸಿ ನೋಡುತ್ತಿದ್ದ ಸರೋಜಮ್ಮ ಅಂಚಿನ ಮೇಲೆ ಬೆರಳಿಟ್ಟರು. ಎಷ್ಟು ಜಾಗ್ರತೆ ಮಾಡಿದ್ದರೂ ಪಕ್ಕದ ಡಬ್ಬಿ ಚಿತ್ರದೊಳಗೆ ಅರ್ಧ ಬಂದಿತ್ತು. “ನಮ್ಮವ್ವ ಕೊಡ್ಸಿದ್ದು. ಈ ಸೊಟ್ಟ ಮುಚ್ಚಳ ನಂಗೊತ್ತಾಗಲ್ವಾ?” ಕಾಡಸಿದ್ದಪ್ಪನವರ ಮುಖ ಬಿಳಿಚಿಕೊಂಡಿತು. “ಅರ್ಧ ಬಂದೋಗೈತೆ ಮೇಷ್ಟ್ರೆ” ಎಂದು ನನ್ನ ಹತ್ತಿರ ಪಿಸುಗುಟ್ಟಿದರು.

ಸರೋಜಮ್ಮ ಮಿಲ್ಲಿಗೆ ಹೊರಟೇ ನಿಂತರು. ತಡೆಯಲಾಗದೆ ನಾವಿಬ್ಬರೂ ಹಿಂದೆ ಹೋದೆವು. ಅಂದು ಹೊಸ್ತಿಲಲ್ಲಿ ಕೆಮ್ಮುವುದನ್ನು ಇವರು ಮರೆತರು. ಆ ಕೆಲಸವನ್ನು ಹೆಂಡತಿಯ ಕೆಮ್ಮೇ ಮಾಡಿತು. ಆಕೆ ನೆಟ್ಟಗೆ ಹಲಗೆಯ ಬಳಿ ಹೋಗಿ ತಮ್ಮ ಡಬ್ಬಿಯನ್ನು ಎತ್ತಿಕೊಂಡರು. ನರಸಿಂಹರಾಜು ಗೋಡೆಯ ಕಡೆ ತಿರುಗಿ ನಿಂತ. ಸರೋಜಮ್ಮ ಬೆಂಚಿನ ಮೇಲೆ ಕುಳಿತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, “ಬಿಟ್ಟೋಗಿರೋ ಸಾಮಾನು ಅಂತ ತಾನೆ ನಿಮ್ಗೆ ಭಯ? ಈಗ ನನ್ ಕೈಲೈತೆ. ತೆಗೀರಿ” ಎಂದರು.

ಕಾಡಸಿದ್ದಪ್ಪನವರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಸದಾ ಆಡುವ ಮಾತು ಹೊರಡಲಿಲ್ಲ. ಕೆಮ್ಮಿ ದಣಿದ ಸರೋಜಮ್ಮ ಹಿಂದಿನ ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಅರೆಮುಚ್ಚಿ, ಒಂದಿಷ್ಟೂ ಅಲುಗದೆ ಕುಳಿತಿದ್ದರು. ಹಾಗೆ ಕುಳಿತವರನ್ನು ಅವರು ಬದುಕಿನುದ್ದಕ್ಕೂ ನೋಡಿದ್ದರು. ನನಗೂ ಅದು ಹೊಳೆಯಿತು.

“ಗೋಡೆಗೆ ಒರಗ್ಬ್ಯಾಡ ಸರೋಜ” ಎಂದರು. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಆಗ, ಆ ದೊಡ್ಡ ಕೋಣೆಯಲ್ಲಿ, ನಾನೆಂದೂ ಕೇಳದ ದನಿಯಲ್ಲಿ, “ಅಲ್ಲಾಡು ಸರೋಜ. ಒಸಿ ಅಲ್ಲಾಡು” ಎಂದು ಬೇಡಿಕೊಂಡರು.

ಸರೋಜಮ್ಮ ಕಣ್ಣು ತೆರೆದು ನಕ್ಕುಬಿಟ್ಟರು. ನಗು ಕೆಮ್ಮಾಗಿ ಮೈಯೆಲ್ಲ ಕುಲುಕಿದಾಗಲೇ ಇವರು ಗುಂಡಿ ಒತ್ತಿದರು. ಮುಖ ಕಲಸಿಹೋದ, ಯಾರೂ ಹಣ ಕೊಟ್ಟು ಒಯ್ಯದಂಥ ಆ ಫೋಟೋ ಇಂದು ಸ್ಟುಡಿಯೋದ ನಡುಗೋಡೆಯಲ್ಲಿದೆ. ಸರೋಜಮ್ಮ ಇದ್ದಾರೆ, ಕೆಮ್ಮೂ ಇದೆ.

ಸಾವಿನ ಮನೆಗಳಲ್ಲಿ ನಡುಗದೆ ದುಡಿಯುವವರನ್ನು ನಾವು ಕಲ್ಲೆದೆಯವರು ಎನ್ನುತ್ತೇವೆ. ನಿಶ್ಚಲತೆ ಎಂದರೇನೆಂದು ಅವರಷ್ಟು ಹತ್ತಿರದಿಂದ ಬಲ್ಲವರು ಬೇರೆ ಇಲ್ಲ. ಆದ್ದರಿಂದಲೇ ತಮ್ಮವರು ಕ್ಷಣಕಾಲ ಸುಮ್ಮನೆ ಕುಳಿತರೂ ಅವರ ಜೀವ ಬಾಯಿಗೆ ಬರುತ್ತದೆ. ಪರರ ಚಿತ್ರ ಸ್ಪಷ್ಟವಾಗಿ ಬರಲೆಂದು ಜೀವಮಾನವೆಲ್ಲ ದುಡಿದವರು, ತಮ್ಮವರ ಚಿತ್ರ ಕೆಟ್ಟರೆ ಸಾಕೆಂದು ದೇವರಲ್ಲಿ ಬೇಡುತ್ತಾರೆ.